ಕಾಡುಹಂದಿಯ ನಡತೆ



ಕಾಡುಹಂದಿಯ ವಿಷಯದಲ್ಲಿ ಮಾತಾಡದ ರೈತನು ನಮ್ಮ ಪ್ರಾಂತದಲ್ಲಿ ಇಲ್ಲ. ಮೆಕ್ಕೆಜೋಳವು ಹಾಲು ತುಂಬುವ ಕಾಲದಲ್ಲಿಯೂ ಭತ್ತವು ತೆನೆ ಬಿಡುವ ಕಾಲದಲ್ಲಿಯೂ ಬೆಳಗಾಗೆದ್ದು ಹೊಲಕ್ಕೆ ಹೋದವರು, ನಿನ್ನೆ ಸಾಯಂಕಾಲ ನಿಂತಿದ್ದ ಪೈರು ಈಗ ನೆಲಕ್ಕೊರಗಿ ಕೆಸರಿನಲ್ಲಿ ಕಲಸಿರುವದನ್ನು ಕಂಡು ತಲೆಯ ಮೇಲೆ ಕೈ ಹೊತ್ತು ಕೂತುಕೊಳ್ಳುವದು ಎಲ್ಲರೂ ಬಲ್ಲ ಸಂಗತಿ. ಆದರೆ ಈ ಮೃಗದ ಮೇಲೆ ಸಿಟ್ಟುಗೊಳ್ಳುವವರು ನೂರು ಮಂದಿ ಇರುವಲ್ಲಿ, ಅದರ ನಡತೆಯನ್ನು ತಾಳ್ಮೆಯಿಂದ ನೋಡಿದವರು ಇಬ್ಬರು ಮೂವರು ಸಿಕ್ಕುವದೂ ಕಷ್ಟ. ಅದು ಯಾವ ಹೊತ್ತಿಗೆ ಏಳುತ್ತದೆ, ಯಾವ ದಾರಿಯಿಂದ ಬರುತ್ತದೆ, ಗುಂಪಿನಲ್ಲಿ ಮುಂದೆ ನಡೆಯುವದು ಯಾವದು, ಒಂದು ಹೊಲವನ್ನು ಬಿಟ್ಟು ಇನ್ನೊಂದನ್ನು ಯಾಕೆ ಹೊಗುತ್ತದೆ ಎಂಬಿವನ್ನು ಬಲ್ಲವನಿಗೆ ಬೆಳೆಯನ್ನು ಉಳಿಸಿಕೊಳ್ಳುವ ದಾರಿಯು ಅರ್ಧ ತಿಳಿದ ಹಾಗೆಯೇ. ಬಲ್ಲದವನು ಉರುಲಿಗೂ ಸಿಡಿಮದ್ದಿಗೂ ಕರೆಂಟಿನ ತಂತಿಗೂ ಕೈಹಾಕುತ್ತಾನೆ. ಅದರಿಂದ ಸಾಯುವದು ಅನೇಕ ಸಾರಿ ಹಂದಿಯಾಗಿರುವದಿಲ್ಲ. ಆದದರಿಂದ ಈ ತಿಂಗಳಿನ ಪಾಠಕ್ಕೆ ಇದನ್ನೇ ತೆಗೆದುಕೊಂಡಿದ್ದೇವೆ.

ಶಿವಮೊಗ್ಗ ನಗರದ ರಾಗಿಗುಡ್ಡವನ್ನು ನಡುವಾಗಿಟ್ಟುಕೊಂಡು ನಮ್ಮ ಸೀಮೆಯನ್ನು ಯೋಚಿಸಿ ನೋಡಿರಿ. ಗುಡ್ಡದ ಸುತ್ತ ಈಗ ಮನೆಗಳೂ ಬೀದಿಗಳೂ ತುಂಬಿವೆ. ಆದರೆ ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಶೆಟ್ಟಿಹಳ್ಳಿಯ ಕಾಡು ಆರಂಭವಾಗುತ್ತದೆ. ಇದನ್ನು 1974ರಲ್ಲಿ ವನ್ಯಜೀವಿಧಾಮವೆಂದು ಗೊತ್ತುಮಾಡಿದರು. ದಕ್ಷಿಣಕ್ಕೆ ಭದ್ರಾವತಿ, ಅದರಾಚೆಗೆ ಲಕ್ಕವಳ್ಳಿಯ ಕಡೆ ಭದ್ರಾ ಕಾಡು. ಅದು 1998ರಿಂದ ಹುಲಿಗಳ ಸಂರಕ್ಷಣೆಯ ಕಾಡಾಗಿದೆ. ಈ ಎರಡು ಕಾಡುಗಳ ಅಂಚಿನಿಂದ ತುಂಗಾ ಭದ್ರಾ ಹೊಳೆಗಳು ಕೂಡುವ ಕೂಡ್ಲಿಯ ವರೆಗೆ ಗದ್ದೆ, ತೋಟ, ಹೊಲ, ಊರುಗಳು ಒಂದಕ್ಕೊಂದು ತಗಲಿಕೊಂಡಿವೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯನ್ನು ಹೊತ್ತಿಸಿದಾಗ ಅದಕ್ಕೆ ಬೇಕಾದ ಇದ್ದಲು ಸುತ್ತಲಿನ ಕಾಡಿನ ಮರದಿಂದಲೇ ಆಗಬೇಕಾಗಿತ್ತು. ಹಳೇ ಕಾಡು ಹೋದ ಎಷ್ಟೋ ಕಡೆಗಳಲ್ಲಿ ತರುವಾಯ ನೀಲಗಿರಿ ಮತ್ತು ಅಕೇಶಿಯದ ತೋಪುಗಳು ಎದ್ದವು. ಇಂಥ ತೋಪಿನಲ್ಲಿ ಹಂದಿಗೆ ಮಲಗುವದಕ್ಕೆ ಮರೆ ಉಂಟು, ತಿನ್ನುವದಕ್ಕೆ ಗೆಡ್ಡೆ ಹಣ್ಣುಗಳು ಕಡಿಮೆ. ತೋಪಿನ ಪಕ್ಕದಲ್ಲಿಯೇ ಮೆಕ್ಕೆಜೋಳವೋ ಶುಂಠಿಯೋ ಇದ್ದರೆ ಅದು ಎಲ್ಲಿ ಊಟ ಮಾಡುವದೆಂದು ಹೇಳಬೇಕಾಗಿಲ್ಲ.

ಹಂದಿಗಳೆಲ್ಲಾ ಒಂದೇ ಬಗೆಯವಲ್ಲ. ಆಫ್ರಿಕ ಖಂಡದ ವಿಶಾಲವಾದ ಹುಲ್ಲುಗಾವಲುಗಳಲ್ಲಿ ವಾರ್ಟ್‌ಹಾಗ್ ಎಂಬ ಒಂದು ಹಂದಿ ಉಂಟು. ಅದರ ಮುಖದ ಎರಡೂ ಪಕ್ಕಗಳಲ್ಲಿ ದೊಡ್ಡ ನರೂಲಿಯಂಥ ಗಂಟುಗಳಿರುವದರಿಂದ ಅದಕ್ಕೆ ಆ ಹೆಸರು ಬಂತು. ಅದು ಹಗಲಿನಲ್ಲಿ ಮೇಯುತ್ತದೆ, ರಾತ್ರಿಯಲ್ಲಿ ಬಿಲದಲ್ಲಿ ಮಲಗುತ್ತದೆ. ಬಿಲವನ್ನೂ ಸಾಧಾರಣವಾಗಿ ತಾನೇ ತೋಡುವದಿಲ್ಲ. ಗೆದ್ದಲು ತಿನ್ನುವ ಆರ್ಡ್‌ವಾರ್ಕ್ ಎಂಬ ಮೃಗವು ತೋಡಿ ಬಿಟ್ಟ ಗುಂಡಿಯನ್ನು ಹಿಡಿದುಕೊಳ್ಳುತ್ತದೆ. ಸಾಯಂಕಾಲ ಬಿಲಕ್ಕೆ ಹೋಗುವಾಗ ಮರಿಗಳು ತಲೆ ಮುಂದಾಗಿ ಒಳಗೆ ಹೋಗುವವು. ದೊಡ್ಡದು ತಿರುಗಿ ಹಿಂದುಹಿಂದಾಗಿ ಇಳಿಯುವದು, ಯಾಕಂದರೆ ಸಿಂಹವೋ ಚಿರತೆಯೋ ಬಾಯಿಗೆ ಬಂದರೆ ಕೋರೆಗಳು ಎದುರಾಗಿರಬೇಕು. ಮೇಯುವಾಗ ಮುಂಗಾಲುಗಳನ್ನು ಮಡಿಸಿ ಮೊಣಕಾಲೂರಿದಂತೆ ಕೂತು, ಹಾಗೆಯೇ ಮುಂದೆ ಮುಂದೆ ಸರಿಯುತ್ತಾ ಗಿಡ್ಡ ಹುಲ್ಲನ್ನು ಕಿತ್ತು ತಿನ್ನುತ್ತದೆ. ಅದಕ್ಕಾಗಿ ಅಲ್ಲಿ ಚರ್ಮವು ಜಡ್ಡುಗಟ್ಟಿರುತ್ತದೆ. ಓಡುವಾಗ ಬಾಲವನ್ನು ಕೋಲಿನಂತೆ ಮೇಲಕ್ಕೆ ನೆಟ್ಟಗೆ ಹಿಡಿಯುತ್ತದೆ. ಉಗಾಂಡ ದೇಶದಲ್ಲಿ ಮುಂಗುಸಿಗಳ ಗುಂಪು ಬಂದು ಈ ಹಂದಿಯ ಮೈಮೇಲಿನ ಉಣುಗುಗಳನ್ನು ಕಿತ್ತು ತಿನ್ನುವದನ್ನೂ, ಹಂದಿಯು ಅದಕ್ಕೆ ಸುಮ್ಮನೆ ಮಲಗಿಕೊಡುವದನ್ನೂ ಶಾಸ್ತ್ರಜ್ಞರು ಕಂಡಿದ್ದಾರೆ. ಬಯಲು ನೆಲ, ಹಗಲು ಹೊತ್ತು. ದೂರದಲ್ಲಿ ವಾಹನವನ್ನು ನಿಲ್ಲಿಸಿ ದುರ್ಬೀನು ಹಿಡಿದವರಿಗೆ ಇದೆಲ್ಲಾ ಕಾಣುತ್ತದೆ.

ನಮ್ಮ ಕಾಡುಹಂದಿಯು ಆ ಉಪಕಾರವನ್ನು ಮಾಡುವದಿಲ್ಲ. ಮನುಷ್ಯರು ಬೆನ್ನಟ್ಟದ ಕಡೆ ಅದೂ ಹಗಲಲ್ಲಿ ತಿರುಗಾಡುವದುಂಟು. ಆದರೆ ಊರಿನ ಹತ್ತಿರದಲ್ಲಿ ಅದು ರಾತ್ರಿಯ ಮೃಗವೇ ಆಗಿಬಿಟ್ಟಿದೆ. ಹಗಲೆಲ್ಲಾ ಲಂಟಾನದ ಪೊದೆಯಲ್ಲಿ ಇಲ್ಲವೆ ಹಳ್ಳದ ಮುಳ್ಳುಮೆಳೆಯಲ್ಲಿ ಮಲಗಿ, ಕತ್ತಲಾದ ಮೇಲೆ ಏಳುತ್ತದೆ. ಆದದರಿಂದ ಅದನ್ನು ಕಣ್ಣಾರೆ ನೋಡುವದಕ್ಕೆ ಮುಂಚೆ ಅದು ಬಿಟ್ಟುಹೋದ ಗುರುತುಗಳನ್ನು ಓದುವದಕ್ಕೆ ಕಲಿಯಬೇಕು. ಈ ಓದಿಗೆ ಶಾಲೆಯ ವಿದ್ಯೆ ಬೇಡ. ದನ ಕಾಯುವ ಹುಡುಗರು ಇದರಲ್ಲಿ ಉಪಾಧ್ಯಾಯರಿಗಿಂತ ಮುಂದಿರುತ್ತಾರೆ.

ಮೊದಲು ಹೆಜ್ಜೆ. ಮೆತ್ತನೆಯ ಮಣ್ಣಿನಲ್ಲಿ ಹಂದಿಯ ಗೊರಸು ಎರಡು ಸೀಳಾಗಿ ಮೂಡುವದು. ಆಡು ಕುರಿ ಜಿಂಕೆಗಳದ್ದೂ ಹಾಗೆಯೇ. ಆದರೆ ಹಂದಿಯ ಹೆಜ್ಜೆಯ ಹಿಂದುಗಡೆಯಲ್ಲಿ, ಎರಡೂ ಪಕ್ಕಕ್ಕೆ ಚಾಚಿ, ಇನ್ನೆರಡು ಸಣ್ಣ ಗುರುತುಗಳು ಬೀಳುತ್ತವೆ. ಇವು ಅದರ ಹಿಂಗೊರಸುಗಳು. ಗದ್ದೆಯ ಬದುವಿನ ಮೇಲೆ ಈ ನಾಲ್ಕು ಗುರುತು ಒಟ್ಟಿಗೆ ಕಂಡರೆ ಸಂಶಯಕ್ಕೆ ಎಡೆಯಿಲ್ಲ. ದೊಡ್ಡ ಹೆಜ್ಜೆಗಳ ಸುತ್ತ ಚಿಕ್ಕ ಹೆಜ್ಜೆಗಳು ಚೆಲ್ಲಾಡಿದ್ದರೆ ಬಂದದ್ದು ಮರಿಗಳುಳ್ಳ ಹೆಣ್ಣುಗಳ ಗುಂಪು. ದೊಡ್ಡದೊಂದು ಜಾಡು ಮಾತ್ರವೇ ನೇರವಾಗಿ ನಡೆದಿದ್ದರೆ ಒಂಟಿ ಗಂಡು.

ಎರಡನೆಯದು, ಬೆಳೆಯು ಹಾಳಾಗಿರುವ ರೀತಿ. ಇದರಲ್ಲಿ ನಮ್ಮ ಜನರು ಅನೇಕ ಸಾರಿ ಒಬ್ಬನ ತಪ್ಪನ್ನು ಇನ್ನೊಬ್ಬನ ಮೇಲೆ ಹೊರಿಸುತ್ತಾರೆ. ಮೆಕ್ಕೆಜೋಳದ ದಂಟು ನಿಂತೇ ಇದ್ದು ತೆನೆ ಮಾತ್ರ ಹೋಗಿದ್ದರೆ, ಅದರ ಸಿಪ್ಪೆಯು ಬದುವಿನ ಮೇಲೋ ಮರದ ಕೆಳಗೋ ಬಿದ್ದಿದ್ದರೆ, ಅದು ಮಂಗಗಳ ಕೆಲಸ. ದಂಟಿನ ಬುಡವನ್ನು ಉಳಿಯಿಂದ ಕೊರೆದಂತೆ ಕಡಿದಿದ್ದರೆ, ಅಲ್ಲೊಂದು ಇಲ್ಲೊಂದು ಮುಳ್ಳು ಉದುರಿದ್ದರೆ, ಅದು ಮುಳ್ಳುಹಂದಿ. (ಹೆಸರಿನಲ್ಲಿ ಹಂದಿ ಇದ್ದರೂ ಮುಳ್ಳುಹಂದಿಯು ಹಂದಿಯ ಜಾತಿಯದಲ್ಲ, ಅದು ಇಲಿ ಅಳಿಲುಗಳ ಬಳಗದ್ದು.) ಕಾಡುಹಂದಿಯಾದರೋ ಮೈಯಿಂದ ತಳ್ಳಿ ದಂಟನ್ನೇ ಕೆಡವಿ, ಮಲಗಿದ ತೆನೆಯನ್ನು ನೆಲದ ಮೇಲೆಯೇ ಅಗಿಯುತ್ತದೆ. ಅದು ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಗೆಡ್ಡೆ, ಎರೆಹುಳು, ಗೊಣ್ಣೆಹುಳುಗಳಿಗಾಗಿ ಅದು ಮೂತಿಯಿಂದ ನೆಲವನ್ನು ಮೀಟಿದರೆ, ಮಣ್ಣು ಎತ್ತಿನ ನೇಗಿಲು ಎಳೆದ ಹಾಗೆ ಸಾಲುಸಾಲಾಗಿ ಮಗುಚಿರುತ್ತದೆ. ಅದರ ಮೂತಿಯ ತುದಿಯು ತಟ್ಟೆಯಂತೆ ಗಟ್ಟಿಯಾಗಿದ್ದು, ಅದಕ್ಕೆ ಒಳಗಿನಿಂದ ಒಂದು ಎಲುಬಿನ ಆಧಾರವುಂಟು. ಒಂದು ಮೊಳ ಆಳದ ಗೆಡ್ಡೆಯ ವಾಸನೆಯನ್ನು ಮೇಲಿನಿಂದಲೇ ಹಿಡಿದು ತೋಡುವ ಮೃಗಕ್ಕೆ, ಒಣಭೂಮಿಯಲ್ಲಿ ಹೊಸದಾಗಿ ಬಿತ್ತಿದ ಬೀಜವು ಎಲ್ಲಿದೆಯೆಂದು ತಿಳಿಯುವದು ದೊಡ್ಡದಲ್ಲ.

ಮೂರನೆಯದು, ಹೊರಳುವ ಗುಂಡಿ. ಹಂದಿಯ ಮೈಯಿಂದ ಬೆವರು ಹರಿದು ಮೈ ತಂಪಾಗುವದಿಲ್ಲ. ಅದಕ್ಕಾಗಿ ಕೆಸರಿನಲ್ಲಿ ಹೊರಳುತ್ತದೆ. ಹೊರಳಿದ ಮೇಲೆ ಹತ್ತಿರದ ಮರಕ್ಕೆ ಮೈಯನ್ನು ತಿಕ್ಕುತ್ತದೆ, ಆಗ ಕೆಸರಿನೊಂದಿಗೆ ಉಣುಗುಗಳೂ ಉದುರುತ್ತವೆ. ಹಳ್ಳದ ದಂಡೆಯ ಒಂದು ಮರದ ಬುಡದಲ್ಲಿ ಮೊಣಕಾಲಿನಿಂದ ಸೊಂಟದೆತ್ತರದ ವರೆಗೆ ಒಣಗಿದ ಕೆಸರು ಮೆತ್ತಿಕೊಂಡು, ಅದರಲ್ಲಿ ತುದಿ ಸೀಳಿದ ಬಿರುಗೂದಲು ಸಿಕ್ಕಿದ್ದರೆ, ಅದೇ ಅವುಗಳ ದಿನದ ದಾರಿ. ಕೆಸರಿನ ಗುರುತು ಎಷ್ಟೆತ್ತರಕ್ಕೆ ಇದೆಯೋ ಹಂದಿಯು ಸುಮಾರು ಅಷ್ಟೆತ್ತರದ್ದು. ಹೊಲದಲ್ಲಿ ಹತ್ತು ಕಡೆ ಹುಡುಕುವದಕ್ಕಿಂತ ಇಂಥ ಒಂದು ಮರವನ್ನು ಗೊತ್ತುಮಾಡಿಕೊಳ್ಳುವದು ಲಾಭ.

ಗುರುತುಗಳನ್ನು ತಿಳಿದ ಮೇಲೆ ಅಟ್ಟಣೆಯ ಮೇಲೆ ಕೂತು ನೋಡಬಹುದು. ಹಂದಿಯ ಕಣ್ಣು ಮಂದ, ಕಿವಿ ಚುರುಕು, ಮೂಗು ಎಲ್ಲಕ್ಕಿಂತ ಚುರುಕು. ಆದದರಿಂದ ಕೂಡುವದಕ್ಕೆ ಮೊದಲು ಒಂದು ಚಿಟಿಕೆ ಒಣಮಣ್ಣನ್ನು ಬೆರಳಿನಿಂದ ಉದುರಿಸಿ ಗಾಳಿಯು ಯಾವ ಕಡೆ ಬೀಸುವದೆಂದು ನೋಡಬೇಕು. ಗಾಳಿಯು ಹಳ್ಳದಿಂದ ನಮ್ಮ ಕಡೆಗೆ ಬರಬೇಕೇ ಹೊರತು ನಮ್ಮಿಂದ ಹಳ್ಳದ ಕಡೆಗೆ ಹೋಗಬಾರದು. ಬೀಡಿಯ ಹೊಗೆ ಬಿಟ್ಟುಕೊಂಡು ಕೂತವನು ಬೆಳಗಿನ ವರೆಗೆ ಕೂತರೂ ಏನನ್ನೂ ಕಾಣುವದಿಲ್ಲ. ಹಂದಿಯು ಅವನನ್ನು ಬಳಸಿಕೊಂಡು ಹೊಲದ ಇನ್ನೊಂದು ಮೂಲೆಯಲ್ಲಿ ಊಟ ಮುಗಿಸಿ ಹೋಗಿರುತ್ತದೆ.

ಗುಂಪು ಬರುವಾಗ ಸದ್ದು ಅತಿ ಕಡಿಮೆ. ಮುಂದೆ ವಯಸ್ಸಾದ ಹೆಣ್ಣೊಂದು ಬಂದು ಅಂಚಿನಲ್ಲಿ ನಿಂತು ಮೂತಿಯನ್ನೆತ್ತಿ ಗಾಳಿಯನ್ನು ಪರೀಕ್ಷಿಸುತ್ತದೆ. ಅದರ ಮಕ್ಕಳು, ಮೊಮ್ಮಕ್ಕಳು, ಅವುಗಳ ಮರಿಗಳು ಹಿಂದೆ ನಿಂತಿರುತ್ತವೆ. ಈ ಗುಂಪಿನಲ್ಲಿ ದೊಡ್ಡ ಗಂಡು ಇರುವದಿಲ್ಲ. ಬೆಳೆದ ಗಂಡುಗಳು ಒಂಟಿಯಾಗಿ ತಿರುಗಿ, ಬೆದೆಯ ಕಾಲದಲ್ಲಿ ಮಾತ್ರವೇ ಗುಂಪನ್ನು ಸೇರುತ್ತವೆ. ಮುದಿ ಹೆಣ್ಣು ಹೊಲಕ್ಕೆ ಕಾಲಿಟ್ಟ ಮೇಲೆ ಮಿಕ್ಕವು ನುಗ್ಗುತ್ತವೆ. ತರುವಾಯ ಸಣ್ಣ ಗುರುಗುಟ್ಟುವಿಕೆ, ತೆನೆ ಅಗಿಯುವ ಶಬ್ದ, ಮರಿಗಳ ಕಿರಿಚಾಟ. ಅಪಾಯವು ತಿಳಿದರೆ ಒಂದು ಒಡಕು ಗುಟುರು. ಕಣ್ಣು ಮುಚ್ಚಿ ತೆರೆಯುವದರೊಳಗೆ ಎಲ್ಲವೂ ಮಾಯ. ಆದರೆ ಹೆದರಿ ಓಡಿದವು ಹೋಗಿಯೇ ಬಿಟ್ಟವೆಂದು ಮನೆಗೆ ಬಂದು ಮಲಗಬಾರದು. ಗದ್ದಲ ನಿಂತ ಮೇಲೆ ಅದೇ ದಾರಿಯಿಂದ ತಿರಿಗಿ ಬರುವದು ಅವುಗಳ ವಾಡಿಕೆ. ಡಬ್ಬ ಬಡಿಯುವದು, ಪಟಾಕಿ ಸುಡುವದು ಮೊದಲ ಕೆಲವು ದಿನ ಫಲಿಸಿ ಆಮೇಲೆ ಫಲಿಸದೆ ಹೋಗುವದು ಇದರಿಂದಲೇ. ಸದ್ದಿನ ಹಿಂದೆ ಮನುಷ್ಯನು ಬರುವದಿಲ್ಲವೆಂದು ಅವು ಕಲಿತುಕೊಂಡುಬಿಡುತ್ತವೆ.

ಹೆಣ್ಣು ಸುಮಾರು 4 ತಿಂಗಳು ಗರ್ಭವನ್ನು ಹೊತ್ತು, ಈಯುವ ಕಾಲಕ್ಕೆ ಗುಂಪನ್ನು ಬಿಟ್ಟು, ಹುಲ್ಲನ್ನೂ ಸಣ್ಣ ಕೊಂಬೆಗಳನ್ನೂ ಬಾಯಿಂದ ಕಡಿದು ರಾಶಿಹಾಕಿ ಗೂಡು ಕಟ್ಟುತ್ತದೆ. ನಾಲ್ಕು ಕಾಲಿನ ದೊಡ್ಡ ಮೃಗಗಳಲ್ಲಿ ಹೀಗೆ ಗೂಡು ಕಟ್ಟುವವು ವಿರಳ. ಅದರೊಳಗೆ 4 ರಿಂದ 6 ಮರಿಗಳು, ಕೆಲವು ಸಾರಿ ಹೆಚ್ಚೂ, ಹುಟ್ಟುತ್ತವೆ. ಕಂದು ಮೈಯ ಮೇಲೆ ತಲೆಯಿಂದ ಬಾಲದ ಕಡೆಗೆ ತಿಳಿಬಣ್ಣದ ಪಟ್ಟೆಗಳು; ಒಣ ಹುಲ್ಲಿನಲ್ಲಿ ಅಲ್ಲಾಡದೆ ಮಲಗಿದರೆ ಕಾಲ ಬಳಿಯಲ್ಲಿದ್ದರೂ ಕಾಣವು. ಸುಮಾರು ಆರು ತಿಂಗಳೊಳಗೆ ಪಟ್ಟೆಗಳು ಅಳಿಸಿಹೋಗುತ್ತವೆ. ಕಾಡಿನಲ್ಲಿ ಇಂಥ ಹುಲ್ಲಿನ ರಾಶಿಯನ್ನು ಕಂಡರೆ ಕೋಲಿನಿಂದ ಕೆದಕಬೇಡಿರಿ. ಕೋರೆಯುಳ್ಳ ಗಂಡಿಗಿಂತಲೂ ಮರಿ ಹಾಕಿದ ಹೆಣ್ಣಿನ ಎದುರು ನಿಂತವರು ಹೆಚ್ಚು ಅಪಾಯಕ್ಕೆ ಒಳಗಾಗುವರೆಂಬದು ನಮ್ಮ ಅಭಿಪ್ರಾಯ.

ಗಂಡಿನ ಬಲವೂ ಕಡಿಮೆಯದಲ್ಲ. ನೂರು ಕಿಲೋಗ್ರಾಮಿಗೆ ಮೀರಿದ ತೂಕ, ಬೆನ್ನಿನ ಮೇಲೆ ಸೆಟೆದ ಕೂದಲು, ಭುಜದ ಚರ್ಮದ ಕೆಳಗೆ ಗುರಾಣಿಯಂಥ ಗಟ್ಟಿ ಪದರ. ಕೆಳಗಿನ ಕೋರೆಯು ಮೇಲಿನ ಕೋರೆಗೆ ಸದಾ ಉಜ್ಜಿ, ಸಾಣೆಗೆ ಹಿಡಿದ ಕತ್ತಿಯಂತೆ ಹರಿತವಾಗಿರುತ್ತದೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ಕಲ್ಲಿನ ಸಾಕ್ಷಿ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ ಹತ್ತನೆಯ ಶತಮಾನದ ಒಂದು ಶಾಸನದಲ್ಲಿ, ಯುದ್ಧದಲ್ಲಿ ಶೌರ್ಯವನ್ನು ತೋರಿಸಿದ ಮಣಲೇರನೆಂಬವನು ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದದ್ದೂ, ಆ ನಾಯಿಯು ದೊಡ್ಡದೊಂದು ಹಂದಿಯ ಮೇಲೆ ಬಿದ್ದು ನಾಯಿ ಹಂದಿ ಎರಡೂ ಸತ್ತದ್ದೂ ಬರೆದಿದೆ. ಕಲ್ಲಿನ ಮೇಲೆ ಅವೆರಡರ ಹೋರಾಟವನ್ನು ಕೆತ್ತಿದ್ದಾರೆ. ನಾಯಿಗಾಗಿ ಕಲ್ಲು ನಿಲ್ಲಿಸಿದರು; ಹಂದಿಗೂ ಅದೇ ಕಲ್ಲಿನಲ್ಲಿ ಪಾಲು ಸಿಕ್ಕಿತು. ಇಂದು ಊರನಾಯಿಗಳನ್ನು ಛೂಬಿಟ್ಟು ಹಂದಿಯನ್ನು ಓಡಿಸುವವರು, ಹೊಟ್ಟೆ ಸೀಳಿ ತಿರಿಗಿ ಬರುವ ನಾಯಿಯನ್ನು ನೋಡುವದು ಅಪರೂಪವಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಹಂದಿಯು ಕಾಡಿಗೆ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಅದು ಮಗುಚಿದ ಮಣ್ಣಿನಲ್ಲಿ ನೀರು ಇಂಗಿ ಬೀಜ ಮೊಳೆಯುತ್ತದೆ. ಸತ್ತ ಪ್ರಾಣಿಯನ್ನೂ ತಿಂದು ಮುಗಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಹುಲಿ ಚಿರತೆ ಕೆನ್ನಾಯಿಗಳಿಗೆ ಅದು ಆಹಾರ. ನಾಗರಹೊಳೆಯ ಕಾಡಿನಲ್ಲಿ ಉಲ್ಲಾಸ ಕಾರಂತರು ಹುಲಿಗಳ ಆಹಾರವನ್ನು ಕುರಿತು ಮಾಡಿದ ಶೋಧನೆಯಲ್ಲಿ ಕಾಟಿ, ಕಡವೆ, ಜಿಂಕೆಗಳೊಂದಿಗೆ ಕಾಡುಹಂದಿಯೂ ಲೆಕ್ಕಕ್ಕೆ ಬಂದಿದೆ. ಕಾಡಿನಲ್ಲಿ ಹಂದಿ ಇಲ್ಲವಾದರೆ ಚಿರತೆಯು ನಮ್ಮ ಕೊಟ್ಟಿಗೆಯ ಕಡೆಗೆ ಹೆಚ್ಚಾಗಿ ನೋಡುವದು.

ಈಗ ಉರುಲಿನ ಮಾತು. ಬೇಲಿಯ ಸಂದಿನಲ್ಲಿ ಬೈಕಿನ ಕೇಬಲು ತಂತಿಯಿಂದ ಹಂದಿಗೆಂದು ಒಡ್ಡಿದ ಉರುಲಿಗೆ ಚಿರತೆಯು ಸೊಂಟ ಸಿಕ್ಕಿಸಿಕೊಂಡು ನರಳಿ ಸಾಯುವದನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ವರುಷ ವರುಷವೂ ಓದುತ್ತೇವೆ. ಹಿಟ್ಟಿನ ಉಂಡೆಯೊಳಗೆ ಅಡಗಿಸಿಟ್ಟ ಸಿಡಿಮದ್ದನ್ನು ಹಂದಿಯೇ ಕಚ್ಚಬೇಕೆಂಬ ಕಟ್ಟಳೆ ಎಲ್ಲಿಯದು? ಮೇಯುವ ಹಸುವು ಕಚ್ಚುತ್ತದೆ, ದವಡೆ ಒಡೆದು ಮೇವು ತಿನ್ನಲಾರದೆ ದಿನಗಟ್ಟಲೆ ನಿಂತು ಸಾಯುತ್ತದೆ. ಆಡುವ ಮಗುವು ಅದನ್ನು ಕೈಗೆ ತೆಗೆದುಕೊಳ್ಳಬಹುದು. ಇವೆಲ್ಲಕ್ಕಿಂತ ಕೆಟ್ಟದ್ದು ಮನೆಯ ಕರೆಂಟನ್ನು ನೇರವಾಗಿ ಬೇಲಿಯ ತಂತಿಗೆ ಕೊಡುವದು. ರಾತ್ರಿ ನೀರು ಕಟ್ಟುವದಕ್ಕೆ ಹೋದ ನೆರೆಹೊಲದವನು, ಒಮ್ಮೊಮ್ಮೆ ತಂತಿ ಕಟ್ಟಿದವನ ಮನೆಯವರೇ, ಇದಕ್ಕೆ ಬಲಿಯಾಗುತ್ತಾರೆ. ಒಂದು ಎಕರೆ ಜೋಳವು ಹೋದರೆ ಮುಂದಿನ ಮಳೆಗೆ ಬೆಳೆಯಬಹುದು.

ಕಾನೂನೂ ಇದಕ್ಕೆ ವಿರೋಧವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವದು ಅಪರಾಧ. ನಿಂತ ಬೆಳೆಗೆ ಅಪಾಯವಾದಾಗ ಲಿಖಿತ ಅಪ್ಪಣೆ ಕೊಡುವ ಅಧಿಕಾರವು ಅದೇ ಕಾಯಿದೆಯಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳಿಗೆ ಉಂಟು. ಹಾಳಾದ ಬೆಳೆಗೆ ಇಲಾಖೆಯಿಂದ ಪರಿಹಾರ ಧನವೂ ದೊರೆಯುತ್ತದೆ. ಹೊಲವನ್ನು ಸರಿಪಡಿಸುವದಕ್ಕೆ ಮುಂಚೆ ಹೆಜ್ಜೆ, ಬಿದ್ದ ಪೈರು, ಮಗುಚಿದ ಮಣ್ಣು ಇವುಗಳ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಕೂಡಲೆ ಅರ್ಜಿ ಕೊಡಬೇಕು. ಹೆಜ್ಜೆಯನ್ನು ಗುರುತಿಸಬಲ್ಲವನ ಅರ್ಜಿಯು ಹಂದಿಯ ಹೆಸರಿನಲ್ಲಿ ಮಂಗನ ಲೆಕ್ಕ ಬರೆದವನ ಅರ್ಜಿಯಂತೆ ಹಿಂದಕ್ಕೆ ಬರುವದಿಲ್ಲ.

80ನೆಯ ಕೀರ್ತನೆಯಲ್ಲಿ ದ್ರಾಕ್ಷೆಯ ತೋಟವನ್ನು ಹಾಳುಮಾಡುವ ಕಾಡುಹಂದಿಯ ಪ್ರಸ್ತಾಪವನ್ನು ನಮ್ಮ ವಾಚಕರು ಓದಿದ್ದಾರೆ. ಪಾಲೆಸ್ತೀನದ ಆ ಹಂದಿಯೂ ನಮ್ಮ ಮಲೆನಾಡಿನ ಹಂದಿಯೂ ಒಂದೇ ಜಾತಿಯವು. ಅಲ್ಲಿ ಹಂದಿಯ ಮಾತಿಗಿಂತ ಮುಂಚೆ ಮುರಿದ ಬೇಲಿಯ ಮಾತು ಬರುವದನ್ನು ಗಮನಿಸಿರಿ. ಬೇಸಾಯಗಾರನಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಂದಿಯು ಬೇಲಿಯನ್ನು ಹಾರುವದು ಕಡಿಮೆ. ಕೆಳಗಿನಿಂದ ಮೂತಿ ಹಾಕಿ ಎತ್ತಿ ನುಗ್ಗುವದೇ ಅದರ ಕ್ರಮ. ಆದದರಿಂದ ಎತ್ತರದ ಬೇಲಿಗಿಂತ ಬುಡ ಬಿಗಿಯಾದ ಬೇಲಿಯೇ ಒಳ್ಳೇದು. ಕಲ್ಲು ಸಿಕ್ಕುವ ಕಡೆ ಎದೆಯೆತ್ತರದ ಕಲ್ಲುಗೋಡೆಯು ಬಹುಕಾಲ ನಿಲ್ಲುತ್ತದೆ. ಸೌರಬೇಲಿಯ ತಂತಿಯಲ್ಲಿ ಕರೆಂಟು ಬಿಟ್ಟು ಬಿಟ್ಟು ಮಿಡಿಯುವದರಿಂದ ಹೊಡೆತ ತಗಲುತ್ತದೆ, ಪ್ರಾಣ ಹೋಗುವದಿಲ್ಲ. ಆದರೆ ಆನೆಗೆಂದು ಎತ್ತರದಲ್ಲಿ ಕಟ್ಟಿದ ತಂತಿಯು ಹಂದಿಗೆ ಲೆಕ್ಕವಿಲ್ಲ. ಅದಕ್ಕಾಗಿ ಕೊನೆಯ ತಂತಿಯನ್ನು ನೆಲದಿಂದ ಒಂದು ಗೇಣು ಮೇಲೆ ಎಳೆದು, ಅದಕ್ಕೆ ಕಳೆ ತಗಲದಂತೆ ಆಗಾಗ್ಗೆ ಸವರುತ್ತಿರಬೇಕು. ಹೊಲದ ಮಗ್ಗುಲಲ್ಲಿರುವ ಲಂಟಾನದ ಮೆಳೆಯನ್ನು ಬೇಸಗೆಯಲ್ಲಿ ಕಡಿದು ಹಾಕಿದರೆ ಅವುಗಳ ಹಗಲಿನ ಮನೆಯು ದೂರವಾಗುತ್ತದೆ. ಹಳ್ಳದ ಅಂಚಿನ ಹೊಲಗಳವರು ಕೂಡಿಕೊಂಡು ಸರದಿಯ ಪ್ರಕಾರ ಕಾವಲಿದ್ದರೆ ಒಬ್ಬೊಬ್ಬನಿಗೆ ವಾರಕ್ಕೊಂದು ರಾತ್ರಿಯ ನಿದ್ರೆ ಮಾತ್ರ ಹೋಗುವದು. ಒಬ್ಬನೇ ಕಾದರೆ ಅವನ ಹೊಲದಿಂದ ಓಡಿದ ಗುಂಪು ನೆರೆಯವನ ಹೊಲಕ್ಕೆ ಹೋಗುತ್ತದೆ, ಆಮೇಲೆ ಜಗಳವು ಮನುಷ್ಯರಲ್ಲಿ.

ಕಾಡಿನ ಅಂಚಿಗೆ ಗುರುತು ನೋಡುವದಕ್ಕೆ ಹೋಗುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡುಬಂದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಮನುಷ್ಯರಿಗೆ ಬರುತ್ತದೆ. ಚಳಿಗಾಲದಿಂದ ಬೇಸಗೆಯ ಕೊನೆಯ ವರೆಗೆ ಅದರ ಭಯ ಹೆಚ್ಚು. ಮೈ ಮುಚ್ಚುವ ಬಟ್ಟೆಯನ್ನು ಉಟ್ಟು ಹೋಗಬೇಕು, ತರಗೆಲೆಯ ಮೇಲೆ ಕೂಡಬಾರದು, ಮನೆಗೆ ಬಂದ ಕೂಡಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಬೇಕು.

ಇನ್ನೊಂದು ರೋಗವು ಮನೆಯಲ್ಲಿ ಹಂದಿ ಸಾಕುವವರಿಗೆ ಸಂಬಂಧಪಟ್ಟದ್ದು. ಮೇಲೆ ಹೇಳಿದ ಆಫ್ರಿಕದ ವಾರ್ಟ್‌ಹಾಗಿನ ರಕ್ತದಲ್ಲಿಯೂ ಅದರ ಬಿಲದ ಉಣುಗುಗಳಲ್ಲಿಯೂ ಒಂದು ವಿಷಾಣು ಬಹುಕಾಲದಿಂದ ಇದೆ. ವಾರ್ಟ್‌ಹಾಗಿಗೆ ಅದರಿಂದ ಏನೂ ಆಗುವದಿಲ್ಲ. ಸಾಕುಹಂದಿಗೂ ನಮ್ಮ ಕಾಡುಹಂದಿಗೂ ತಗಲಿದರೆ ಹೆಚ್ಚಾಗಿ ಮರಣವೇ. 1921ರಲ್ಲಿ ಕೀನ್ಯ ದೇಶದ ವಿಷಯವಾಗಿ ಇದನ್ನು ಮೊದಲು ವರ್ಣಿಸಿದರು. 2020ರಲ್ಲಿ ಅಸ್ಸಾಮ್ ಮತ್ತು ಅರುಣಾಚಲ ಪ್ರದೇಶಗಳ ಮೂಲಕ ಭಾರತವನ್ನು ಹೊಕ್ಕಿತು. ಇದಕ್ಕೆ ಆಫ್ರಿಕದ ಹಂದಿಜ್ವರವೆನ್ನುತ್ತಾರೆ. ಇದು ಮನುಷ್ಯರಿಗೆ ಅಂಟುವದಿಲ್ಲ, ಆದರೆ ಹಂದಿಯ ಮಾಂಸ, ರಕ್ತ, ಎಂಜಲು, ಕೆಸರು ಮೆತ್ತಿದ ಚಪ್ಪಲಿ ಇವುಗಳಿಂದಲೂ ಒಂದು ದೊಡ್ಡಿಯಿಂದ ಇನ್ನೊಂದಕ್ಕೆ ಹರಡುತ್ತದೆ. ಕಾಡಿನಂಚಿನಲ್ಲಿಯೋ ಹಳ್ಳದಲ್ಲಿಯೋ ಗಾಯವಿಲ್ಲದೆ ಸತ್ತ ಕಾಡುಹಂದಿಗಳನ್ನು ಕಂಡರೆ ಅವುಗಳನ್ನು ಮುಟ್ಟದೆ, ಎಳೆದು ತಾರದೆ, ಅದೇ ದಿನ ಅರಣ್ಯ ಇಲಾಖೆಯವರಿಗೂ ಹತ್ತಿರದ ಪಶುವೈದ್ಯರಿಗೂ ತಿಳಿಸಬೇಕು. ಮತ್ತು ಆ ದಿನ ತೊಟ್ಟಿದ್ದ ಚಪ್ಪಲಿಯನ್ನು ತೊಳೆಯದೆ ಮನೆಯ ಹಂದಿದೊಡ್ಡಿಯೊಳಗೆ ಕಾಲಿಡಬಾರದು.